ಬಾಯಿ ಒಣಗಿಸ್ಕೊಂಡು ಬರ್ರಿ

ಶಂಕ್ರೆವ್ವ ದಿನಕ್ಕೆ ಹನ್ನೊಂದು ಅರಿವೆ ಹೆಚ್ಚಿಗೆ ಒಗೆಯುತ್ತಿದ್ದಳು. ಮನೆಮಂದಿಯ ಸೀರೆ, ಅಂಗಿ, ಕೌದಿ ಬಿಟ್ಟು ಹನ್ನೊಂದು. ಹಳೆಯ ಸೀರೆ ಹರಿದು ಅಂಚು ಮಡಚಿ ಹೊಲಿದ ಚೌಕಗಳು ಅವು. ಮಗಳು ಸುವರ್ಣಾಳ ಕೊರಳಿಗೆ ಒಂದು ಕಟ್ಟುವುದು, ಅದು ತೊಯ್ದು ತೊಟ್ಟಿಕ್ಕಿದಾಗ ಬಿಚ್ಚಿ ಇನ್ನೊಂದು ಕಟ್ಟುವುದು. ಎಂಟು ವರ್ಷದ ಹುಡುಗಿಯ ಬಾಯಿಂದ ಜೊಲ್ಲು ಎದ್ದಾಗಿನಿಂದ ಮಲಗುವ ತನಕ ಇಳಿಯುತ್ತಲೇ ಇರುತ್ತಿತ್ತು. ಗದ್ದದ ಕೆಳಗಿನ ತೊಗಲು ಸದಾ ಕೆಂಪಗೆ ಸುಲಿದಂತಿರುತ್ತಿತ್ತು. ಇಂಡಿ ತಾಲೂಕಿನ ಆ ಹಳ್ಳಿಯಲ್ಲಿ ಅವರ ಮನೆಯ ಗುರುತು ಹೇಳಬೇಕಾದರೆ ಯಾರೂ ಮನೆತನದ ಹೆಸರು ಹೇಳುತ್ತಿರಲಿಲ್ಲ. “ಬೇಲಿ ತುಂಬ ಚಿಂದಿ ಒಣಹಾಕ್ಯಾರ ನೋಡ್ರಿ, ಅದೇ ಮನಿ” ಅನ್ನುತ್ತಿದ್ದರು.

ಸುವರ್ಣಾ ಹುಟ್ಟಿದಾಗ ಅಳಲಿಲ್ಲ. ಬೇನೆ ಶುರುವಾಗಿ ಎರಡನೆಯ ದಿನ ನಡೆದಿತ್ತು. ಮೊದಲು ಒಯ್ದ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ. ಎರಡನೆಯದರಲ್ಲಿ ಇದ್ದರು, ಆದರೆ ಬೇರೆ ಕಡೆ ಒಯ್ಯಿರಿ ಅಂದರು. ಮೂರನೆಯದನ್ನು ಮುಟ್ಟಿ ಹೆರಿಗೆಯಾಗುವಷ್ಟರಲ್ಲಿ ಕೂಸು ನೀಲಿಗಟ್ಟಿತ್ತು. ಮಿದುಳಿಗೆ ಉಸಿರು ಸಾಲಲಿಲ್ಲ, ಕೈಕಾಲು ಬಾಯಿ ಇವಳ ಮಾತು ಕೇಳುವುದು ಕಷ್ಟ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು.

ಊರಿಗೆ ಇಷ್ಟು ಉದ್ದದ ಕಾರಣ ಬೇಕಿರಲಿಲ್ಲ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟಿದ ಕೂಸು ಜೊಲ್ಲು ಸುರಿಸುತ್ತದೆ ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಶಂಕ್ರೆವ್ವನಿಗೆ ಬಸುರಿಯಲ್ಲಿ ನಿಂಬೆಕಾಯಿಯ ಉಪ್ಪಿನಕಾಯಿಯ ಮೇಲೆ ಜೀವ ಹೋಗಿತ್ತು. ಹಗಲೆಲ್ಲ ಮಂದಿಯ ತೋಟದಲ್ಲಿ ನಿಂಬೆಕಾಯಿ ಹರಿಯುವ ಕೂಲಿಯವಳು, ಮನೆಗೆ ಬಂದರೆ ಮೂಲೆಯ ಭರಣಿಯನ್ನೇ ನೋಡುತ್ತಿದ್ದಳು. ಅತ್ತೆ ಗುಂಡವ್ವ ಮುಟ್ಟಗೊಟ್ಟಿರಲಿಲ್ಲ. ಕುರಿ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗುವ ಗಂಡಸರ ಬುತ್ತಿಗೆ ಬೇಕು, ಬಸುರಿ ಹುಳಿ ತಿಂದರೆ ಕೂಸಿಗೆ ಕೆಮ್ಮು ಅಂತ ಎರಡು ನೆವ ಹೇಳಿದ್ದಳು. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರಕ್ಕೆ ಬಂದ ಹೆಂಗಸರ ಮುಂದೆ ಆ ಮಾತು ಹೇಗೋ ಹೊರಬಿತ್ತು. ವರ್ಷ ತುಂಬಿದರೂ ಕೂಸಿನ ಜೊಲ್ಲು ನಿಲ್ಲದಾದಾಗ ನಳದ ಕಟ್ಟೆಯಲ್ಲಿ ಯಾರೋ ಅಂದರು, “ಗುಂಡವ್ವನ ಭರಣಿ ಸೋರಾಕತ್ತೈತಿ ನೋಡ್ರಿ.” ಎಲ್ಲರೂ ನಕ್ಕರು. ಮೂರು ಆಸ್ಪತ್ರೆಗಳನ್ನು ಕೇಳುವ ಗಂಟಲು ಊರಿನಲ್ಲಿ ಒಂದೂ ಇರಲಿಲ್ಲ. ಒಬ್ಬ ಮುದುಕಿಯನ್ನು ಕೇಳಲು ಮಾತ್ರ ಊರಿಗೆ ಊರೇ ಇತ್ತು.

ಆ ಮಾತು ಗುಂಡವ್ವನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಬಾಯಿಬಿಟ್ಟು ತಪ್ಪಾಯಿತು ಅನ್ನುವ ಹೆಣ್ಣುಮಗಳಲ್ಲ ಆಕೆ. ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ತಿರುಗಿದಳು. ಬಸವನಬಾಗೇವಾಡಿ ಕಡೆಯವರೊಬ್ಬರು ಬೇರು ತೇಯ್ದು ಕೊಟ್ಟರು. ಮುದ್ದೇಬಿಹಾಳದ ಆಚೆ ಒಬ್ಬ ಕಾದ ಕಬ್ಬಿಣದಿಂದ ಗದ್ದದ ಕೆಳಗೆ ಎರಡು ಬರೆ ಹಾಕಿದ. ಬರುವಾಗ ಸಿಂದಗಿಯಲ್ಲಿ ಬಸ್ಸು ಬದಲಿಸಿ ಕೂತರೆ, ಪಕ್ಕದ ಹೆಂಗಸು ಸುವರ್ಣಾಳ ಬಾಯಿ ನೋಡಿ ಸೆರಗು ಎಳೆದುಕೊಂಡು ಎದ್ದು ಹೋಗಿ, ಇಡೀ ದಾರಿ ಕಂಬಿ ಹಿಡಿದು ನಿಂತಳು. ಬರೆ ಮಾದವು. ಜೊಲ್ಲು ಅವುಗಳ ಮೇಲಿಂದ ಇಳಿಯಿತು.

ಆರು ತುಂಬಿದಾಗ ಸುವರ್ಣಾ ಊರಿನ ಶಾಲೆಗೆ ಹೋದಳು, ನಾಲ್ಕು ದಿನ. ಗೋಡೆ ಹಿಡಿದು, ಎಡಗಾಲು ಎಳೆಯುತ್ತ ನಡೆಯುತ್ತಿದ್ದ ಹುಡುಗಿ ಸಾಲಿನಲ್ಲಿ ಕೂತು ಮಂದಿ ಹೇಳಿದ ಪದ್ಯಕ್ಕೆ ತಲೆ ಆಡಿಸುತ್ತಿದ್ದಳು. ಮಾತು ಹೊರಳದಿದ್ದರೂ ಅಂಕಿ ಗುರುತು ಹಿಡಿಯುತ್ತಿದ್ದಳು. ಐದನೆಯ ದಿನ ಹೆಡ್‌ಮಾಸ್ತರ ಸಂಜೀವಕುಮಾರ ಶಂಕ್ರೆವ್ವನನ್ನು ಕರೆಸಿದರು. ಪುಸ್ತಕ ತೊಯ್ಯುತ್ತವೆ, ಊಟದ ತಾಟಿನಲ್ಲಿ ಬೀಳುತ್ತದೆ, ಬೇರೆ ತಾಯಂದಿರು ತಕರಾರು ಮಾಡುತ್ತಾರೆ ಅಂದರು.

“ನಾ ಏನ್ ಬ್ಯಾಡ ಅನ್ನಾಕತ್ತಿಲ್ಲವ್ವ. ಬಾಯಿ ಒಣಗಿಸ್ಕೊಂಡು ಬರ್ರಿ, ಅಷ್ಟ.”

“ಅದು ಒಣಗೂದಲ್ರಿ ಸರ.”

“ಒಣಗಿದಾಗ ಬರ್ರಿ ಮತ್ತ.”

ಮಗುವನ್ನು ಶಾಲೆಯಿಂದ ಹೊರಗಿಡುವ ಹಾಗಿಲ್ಲ ಎಂದು ಕಾಯಿದೆ ಇದೆ. ಅದನ್ನು ಮುರಿಯಲು ಸಂಜೀವಕುಮಾರ ದಡ್ಡರಲ್ಲ. ಹೊರಗಿಡಲೂ ಇಲ್ಲ, ಒಳಗೆ ತೆಗೆದುಕೊಳ್ಳಲೂ ಇಲ್ಲ. ಸುವರ್ಣಾಳ ಹೆಸರಿನ ಮುಂದೆ ‘ಗೃಹಾಧಾರಿತ ಶಿಕ್ಷಣ’ ಎಂದು ಬರೆದರು. ಎಂದರೆ ಮಗು ಮನೆಯಲ್ಲೇ ಕಲಿಯುತ್ತದೆ, ವಾರಕ್ಕೊಮ್ಮೆ ಟೀಚರು ಅಲ್ಲಿಗೇ ಹೋಗುತ್ತಾರೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆಂದು ಮಾಡಿದ ವ್ಯವಸ್ಥೆ ಅದು. ನಡೆದುಕೊಂಡು ಬಂದ ಹುಡುಗಿಯನ್ನು ಅದರೊಳಗೆ ಮಲಗಿಸಿದರು. ಕಾಗದದ ಮೇಲೆ ಸುವರ್ಣಾ ಒಂದನೆಯ ಇಯತ್ತೆ ಪಾಸಾದಳು, ಎರಡನೆಯದೂ ಪಾಸಾದಳು. ನೆಲದ ಮೇಲೆ ಮನೆಯ ಕಟ್ಟೆಗೆ ಕೂತು ಶಾಲೆಗೆ ಹೋಗುವ ಮಕ್ಕಳ ಚೀಲ ನೋಡಿದಳು.

ವಾರಕ್ಕೊಮ್ಮೆ ಬರಬೇಕಾದ ಟೀಚರು ಮೊದಲೆರಡು ವರ್ಷ ಬರಲೇ ಇಲ್ಲ, ಆ ಹುದ್ದೆಯೇ ಖಾಲಿ ಇತ್ತು. ಮೂರನೆಯ ವರ್ಷ ಇಂಡಿಯಿಂದ ಸಿದ್ದೀಕಾ ಬಂದಳು. ಗುತ್ತಿಗೆಯ ಮೇಲೆ ನೇಮಕವಾದ ವಿಶೇಷ ಶಿಕ್ಷಕಿ. ನೂರಕ್ಕೆ ಮೇಲ್ಪಟ್ಟು ಮಕ್ಕಳು, ಒಂದು ಹಳೆಯ ಸ್ಕೂಟಿ. ಗುರುವಾರ ಸುವರ್ಣಾಳ ಪಾಳಿ. ಮೊದಲ ದಿನವೇ ಅವಳು ಹುಡುಗಿಯ ಎದುರು ಕೂತು ಅರ್ಧ ತಾಸು ಬರೀ ಬಾಯಿ ನೋಡಿದಳು.

“ಇಕಿ ಬಾಯಾಗ ಬ್ಯಾರೇರಕಿಂತ ಭಾಳ ನೀರೇನ್ ಬರೂದಿಲ್ಲ ಶಂಕ್ರೆವ್ವಕ್ಕ. ನಿನ್ನ ಬಾಯಾಗೂ ಅಷ್ಟ ಬರ್ತೈತಿ. ನೀ ಗೊತ್ತಿಲ್ದಂಗ ನುಂಗ್ತಿ. ಇಕಿಗೆ ನುಂಗೂದು ನೆನಪಾಗೂದಿಲ್ಲ. ನೆನಪ ಮಾಡಿಕೊಡಬೇಕು.”

“ಎಷ್ಟ ಸಲ ನೆನಪ ಮಾಡೂದ್ರಿ?”

“ಇಕಿಗೆ ತಾನ ನೆನಪಾಗೂ ಮಟ.”

ಮದ್ದು ಇಲ್ಲ, ಸೂಜಿ ಇಲ್ಲ. ಐದು ನಿಮಿಷಕ್ಕೊಮ್ಮೆ ಶಂಕ್ರೆವ್ವನ ಮೊಬೈಲಿನ ಗಂಟೆ ಹೊಡೆಯುತ್ತದೆ. ಹೊಡೆದಾಗ ಮೂರು ಕೆಲಸ: ತುಟಿ ಮುಚ್ಚು, ನುಂಗು, ಒರೆಸಿಕೊ. ಮೂರೂ ಮಾಡಿದರೆ ಅಂಗೈ ಹಿಂದೆ ಒಂದು ಟಿಕಳಿ ಹಚ್ಚಿ ಶಾಬಾಸ್ ಅನ್ನಬೇಕು. ಹಣೆಗೆ ಹಚ್ಚುವ ಕೆಂಪು ಟಿಕಳಿಯೆಂದರೆ ಸುವರ್ಣಾಳಿಗೆ ಪ್ರಾಣ. ಮರೆತರೆ ಬಯ್ಯುವುದಿಲ್ಲ, ಸುಮ್ಮನೆ ಗದ್ದ ಮುಟ್ಟಿ ತೋರಿಸುವುದು. ಕೈತಪ್ಪಿ ಕೂಡ ‘ಜೊಲ್ಲಿ’ ಅನ್ನಬಾರದು. ಇಷ್ಟೇ. ಕೇಳಲು ಸುಲಭ. ಬೆಳಗಿನ ರೊಟ್ಟಿ ಬಡಿಯುವಾಗ, ದನದ ಕಸ ತೆಗೆಯುವಾಗ, ಮೈ ಕೈ ನೋವಿದ್ದಾಗ, ಐದು ನಿಮಿಷಕ್ಕೊಮ್ಮೆ ಬಿಟ್ಟು ಎದ್ದು ಬಂದು ಮೂರು ಮಾತು ಹೇಳಿ ನೋಡಬೇಕು, ಆಗ ತಿಳಿಯುತ್ತದೆ.

ಶಂಕ್ರೆವ್ವ ನಿಂಬೆಯ ಕೂಲಿ ಬಿಟ್ಟಳು. ಗಂಡ ಮಾಳಿಂಗ ಆಗ ಹಿಂಡಿನ ಜೊತೆ ಕೃಷ್ಣೆಯ ಕಾಲುವೆಯ ಕಡೆ ಇದ್ದ, ಗೊಬ್ಬರಕ್ಕೆಂದು ಮಂದಿಯ ಹೊಲದಲ್ಲಿ ಕುರಿ ತರುಬಿಕೊಂಡು. ಫೋನಿನಲ್ಲಿ ಸುದ್ದಿ ಕೇಳಿ, “ನುಂಗೂದ ಕಲಸಾಕ ಟೀಚರ್ ಯಾಕ ಬೇಕ? ಕುರಿಮರಿ ತಾನ ನುಂಗ್ತಾವ” ಅಂದ. ಶಂಕ್ರೆವ್ವ ಫೋನು ಇಟ್ಟಳು. ಮೊದಲ ವಾರ ಸುವರ್ಣಾ ಗಂಟೆ ಕೇಳಿ ನಕ್ಕಳು, ಅಷ್ಟೇ. ಎರಡನೆಯ ವಾರ ಒರೆಸಿಕೊಂಡಳು, ಆದರೆ ನುಂಗುವುದನ್ನು ಮರೆತಳು. ನಾಲ್ಕನೆಯ ವಾರ ಒಂದು ಮುಂಜಾನೆ ಗಂಟೆ ಹೊಡೆಯಿತು, ಶಂಕ್ರೆವ್ವನ ಕೈ ಹಿಟ್ಟಿನಲ್ಲಿತ್ತು, ಬರಲಾಗಲಿಲ್ಲ. ತಿರುಗಿ ನೋಡಿದರೆ ಹುಡುಗಿ ಕಷ್ಟಪಟ್ಟು ತುಟಿ ಕೂಡಿಸಿ, ಕೊರಳು ಮೇಲೆ ಕೆಳಗೆ ಮಾಡಿ, ಗದ್ದ ಒರೆಸಿಕೊಂಡು, ಟಿಕಳಿಗಾಗಿ ಕೈ ಚಾಚಿ ಕೂತಿದ್ದಾಳೆ. ಶಂಕ್ರೆವ್ವ ಹಿಟ್ಟಿನ ಕೈಯಲ್ಲೇ ಹೋಗಿ ತಬ್ಬಿಕೊಂಡಳು.

ಏಳನೆಯ ವಾರದ ಹೊತ್ತಿಗೆ ಗಂಟೆ ಕಾಲು ತಾಸಿಗೊಮ್ಮೆ ಆಗಿತ್ತು. ಹನ್ನೊಂದು ಅರಿವೆ ಮೂರಕ್ಕೆ ಇಳಿದಿದ್ದವು. ಗದ್ದದ ಕೆಳಗೆ ಹೊಸ ತೊಗಲು ಬಂದಿತ್ತು. ಶಾಲೆಯಲ್ಲಿ ಸದ್ದಾಗಬಾರದೆಂದು ಸಿದ್ದೀಕಾ ಮೊಬೈಲನ್ನು ಬರೀ ನಡುಗುವಂತೆ ಮಾಡಿ, ಒಂದು ಸಣ್ಣ ಚೀಲದಲ್ಲಿ ಹಾಕಿ ಹುಡುಗಿಯ ಸೊಂಟಕ್ಕೆ ಕಟ್ಟಿದಳು. ಆಮೇಲೆ ಹೆಡ್‌ಮಾಸ್ತರರ ಬಳಿ ಹೋಗಿ ಕೂತಳು. ಸಂಜೀವಕುಮಾರ ಅರ್ಧ ತಾಸು ವಾದ ಮಾಡಿದರು.

“ಮಕ್ಕಳು ಸಾಲಿಗೆ ಮೊಬೈಲ್ ತರೂಹಂಗಿಲ್ಲರಿ ಟೀಚರ್. ಸುತ್ತೋಲೆ ಐತಿ.”

“ಅದು ಮೊಬೈಲ್ ಅಲ್ಲ ಅನ್ಕೊರಿ ಸರ. ಕುಂಟರ ಕೈಯಾನ ಬಡಿಗಿ ಅನ್ಕೊರಿ. ಬಡಿಗಿಗೆ ಸುತ್ತೋಲೆ ಐತೇನ್ರಿ?”

ಕೊನೆಗೆ ಒಂದು ಮಾತಿಗೆ ಬಂದರು. ಸೋಮವಾರ ಮುಂಜಾನೆ ಪ್ರಾರ್ಥನೆಯಿಂದ ಊಟದ ಗಂಟೆಯ ತನಕ ಸುವರ್ಣಾ ಮೂರನೆಯ ಇಯತ್ತೆಯಲ್ಲಿ ಕೂರಬೇಕು. ಶಾಲಾ ಸಮಿತಿಯ ಅಧ್ಯಕ್ಷ ರೇವಣಪ್ಪ ಮತ್ತು ಇಬ್ಬರು ತಾಯಂದಿರು ಬಂದು ನೋಡಬೇಕು. ಎದೆಯ ಮೇಲಿನ ಅಂಗಿ ಒಣಗಿದ್ದರೆ ಮರುದಿನದಿಂದ ಆಕೆ ಎಲ್ಲರ ಹಾಗೆ. ಇಲ್ಲದಿದ್ದರೆ ಮನೆಯೇ ಶಾಲೆ, ಮುಂದೆ ಆ ಮಾತು ಎತ್ತುವಂತಿಲ್ಲ. ಬೇರೆ ಯಾವ ಮಗುವೂ ಎದೆ ತೋರಿಸಿ ಮೂರನೆಯ ಇಯತ್ತೆಗೆ ಹೋಗಿಲ್ಲ. ಆದರೂ ಸಿದ್ದೀಕಾ ಒಪ್ಪಿದಳು. ಒಪ್ಪದಿದ್ದರೆ ಆ ಒಂದು ಮುಂಜಾನೆಯೂ ಸಿಗುತ್ತಿರಲಿಲ್ಲ.

ಸೋಮವಾರ ಶಂಕ್ರೆವ್ವ ಮಗಳಿಗೆ ಎರೆದು, ಶಾಲೆಯ ನೀಲಿ ಅಂಗಿ ಹಾಕಿ, ಎರಡು ಜಡೆ ಹೆಣೆದಳು. ತಾನು ಸೀರೆ ಉಟ್ಟು ಬರುವಷ್ಟು ಹೊತ್ತು ಹುಡುಗಿ ಅಜ್ಜಿಯ ಬಳಿ ಇದ್ದಳು. ಶಾಲೆಗೆ ಹೋಗುವಾಗ ಸುವರ್ಣಾ ಬಾಯಿ ಬಿಗಿಹಿಡಿದು ನಡೆದಳು. ಅಬ್ಬಾ ಎಷ್ಟು ಜಾಣೆ ಅನ್ನಿಸಿತು ತಾಯಿಗೆ.

ಶಂಕ್ರೆವ್ವನಿಗೆ ಪಡಸಾಲೆಯಲ್ಲಿ, ತರಗತಿಯ ಕಿಟಕಿಯ ಹೊರಗೆ ನಿಲ್ಲಲು ಹೇಳಿದ್ದರು. ಪ್ರಾರ್ಥನೆ ಮುಗಿದು ಹತ್ತು ನಿಮಿಷ ಆಗಿತ್ತು. ಮಗಳ ತುಟಿಯ ಮೂಲೆಯಿಂದ ನೀರು ಇಳಿಯುತ್ತಿತ್ತು. ಸೊಂಟದ ಚೀಲ ನಡುಗಿತು. ಸುವರ್ಣಾ ತುಟಿ ಮುಚ್ಚಿದಳು, ನುಂಗಿದಳು, ಒರೆಸಿಕೊಂಡಳು. ಮುಗಿದ ಮರುಗಳಿಗೆ ಮತ್ತೆ ಇಳಿಯಿತು. ಚೀಲ ನಡುಗುವುದಕ್ಕೆ ಕಾಯದೆ ಹುಡುಗಿ ತಾನೇ ನುಂಗಿದಳು, ತಾನೇ ಒರೆಸಿಕೊಂಡಳು. ಮತ್ತೆ. ಮತ್ತೆ. ಏಳು ವಾರದಲ್ಲಿ ಕಾಣದಷ್ಟು ನೀರು ಎಲ್ಲಿಂದ ಬರುತ್ತಿದೆ ಎಂದು ತಾಯಿಗೆ ತಿಳಿಯಲಿಲ್ಲ. ಕಿಟಕಿಯ ಸರಳು ಹಿಡಿದು ತಾನೂ ಗಟ್ಟಿಯಾಗಿ ನುಂಗುತ್ತಿದ್ದಳು, ತನ್ನ ನುಂಗು ಮಗಳಿಗೆ ಮುಟ್ಟುತ್ತದೆ ಎನ್ನುವ ಹಾಗೆ. ಕೈಯ ಅರಿವೆ ಹಿಂಡುವಷ್ಟು ತೊಯ್ಯಿತು. ಸುವರ್ಣಾ ಅಂಗಿಯ ತೋಳಿನಿಂದ ಒರೆಸಿಕೊಂಡಳು, ಆಮೇಲೆ ಲಂಗದ ತುದಿಯಿಂದ. ಊಟದ ಗಂಟೆಯ ತನಕ ಒಂದು ಸಲವೂ ಆಕೆ ತನ್ನ ಕೆಲಸ ಬಿಡಲಿಲ್ಲ. ಅದನ್ನು ಯಾರೂ ಎಣಿಸಲಿಲ್ಲ. ನೋಡಲು ಬಂದವರು ನೋಡಿದ್ದು ಎದೆಯನ್ನು. ಎದೆ ತೊಯ್ದಿತ್ತು.

“ಏನ್ ಮಾಡೂದವ್ವ” ಅಂದ ರೇವಣಪ್ಪ. ಕೆಟ್ಟವನೇನಲ್ಲ, ಮುಖ ಸಣ್ಣದು ಮಾಡಿಕೊಂಡೇ ಅಂದ. “ದೇವರು ಹಂಗ ಮಾಡ್ಯಾನ.” ಬಂದ ತಾಯಂದಿರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಕೂರಲಿ ಬಿಡ್ರಿ ಎಂದು ಅವಳೂ ಅನ್ನಲಿಲ್ಲ.

ಪಡಸಾಲೆಯ ಮೆಟ್ಟಿಲ ಮೇಲೆ ಶಂಕ್ರೆವ್ವ ಮಗಳ ಮುಖ ತೊಳೆಯಲು ಕೂತಳು. ಬಲಗೆನ್ನೆ ಒಂದಿಷ್ಟು ಉಬ್ಬಿದ್ದು ಆಗ ಕಂಡಿತು. ಬೆರಳು ಹಾಕಿದಳು. ಕೆನ್ನೆಯ ಒಳಚೀಲದಿಂದ ಮೆತ್ತಗಿನ, ಕಂದುಬಣ್ಣದ ಒಂದು ಹೋಳು ಹೊರಬಂತು. ಉಪ್ಪಿನಕಾಯಿಯ ನಿಂಬೆ. ಅಗಿದು ನುಂಗಲು ನಾಲಿಗೆಗೆ ಬಲವಿಲ್ಲ, ಉಗುಳು ಎಂದು ಯಾರೂ ಹೇಳಿಲ್ಲ. ಮೂರು ತಾಸು ಹುಡುಗಿ ಆ ಹುಳಿಯನ್ನು ಬಾಯಲ್ಲಿಟ್ಟುಕೊಂಡು ಆ ಹುಳಿಯ ನೀರನ್ನೇ ನುಂಗುತ್ತ ಕೂತಿದ್ದಳು.

ಶಂಕ್ರೆವ್ವ ಅದನ್ನು ಅಂಗೈಯಲ್ಲಿ ಹಿಡಿದು ಆಫೀಸಿಗೆ ಓಡಿದಳು. “ಸರ, ಇದು ನೋಡ್ರಿ. ಇದು ಬಾಯಾಗಿತ್ರಿ. ಅದಕ್ಕ ನೀರ್ ಬಂತ್ರಿ. ನಾಳೆ ಒಂದ್ ದಿನ ನೋಡ್ರಿ ಸರ, ಒಂದ ದಿನ.”

ಸಂಜೀವಕುಮಾರ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. “ಏ, ಅದನ್ನ ಹೊರಗ ಒಗಿಯವ್ವ ಮೊದಲ. ಟೇಬಲ್ ಮ್ಯಾಲ ಊಟದ ಡಬ್ಬಿ ಐತಿ.”

“ಸರ, ಇಕಿ ಎಷ್ಟ ಸಲ ನುಂಗಿದ್ಲು ನೀವ ನೋಡಿರಲ್ರಿ.”

“ನಾ ನೋಡಿದ್ದು ಸಮಿತಿ ಠರಾವಿನಾಗ ಬರೂದಿಲ್ಲ. ಸಮಿತಿ ನೋಡಿದ್ದು ಬರ್ತೈತಿ. ಶುಕ್ರವಾರ ಬಂದು ಮನಿಯಾಗ ಓದಸೂ ಹಾಳಿಗೆ ಸಹಿ ಮಾಡಿ ಹೋಗು.”

ಮನೆಯಲ್ಲಿ ಗುಂಡವ್ವ ಬಾಗಿಲಿಗೇ ಕಾಯುತ್ತಿದ್ದಳು. ಏನಾಯಿತೆಂದು ಕೇಳುವ ಮೊದಲೇ ಸೊಸೆಯ ಅಂಗೈಯಲ್ಲಿನ ಹೋಳು ಕಂಡಿತು. ಶಂಕ್ರೆವ್ವನ ಬಾಯಿಗೆ ಏಳು ವಾರದ ಬೆಂಕಿ ಬಂದಿತ್ತು.

“ಯಾಕ ಕೊಟ್ಟಿ? ಇವತ್ತ ಯಾಕ ಕೊಟ್ಟಿ ಅತ್ತಿ? ನಿನ್ನ ಕೈ ಸುಡ್ಲಿ!”

“ಇವತ್ತ ಅಂತನ ಕೊಟ್ನಿ.” ಮುದುಕಿಯ ದನಿ ಕೆಳಗಿತ್ತು. “ನುಂಗಬ್ಯಾಡ, ಉಗುಳಬ್ಯಾಡ, ದವಡ್ಯಾಗ ಇಟ್ಕೊ ಅಂದ್ನಿ. ಪಾಪ, ಹಂಗ ಇಟ್ಕೊಂಡಾಳ. ನಿನ್ನ ಬಯಕಿ ಅಕಿ ಬಾಯಾಗ ಕುಂತೈತಿ ಶಂಕ್ರಿ. ಅದು ತೀರದ ಹೋದ್ರ ನಿಮ್ಮ ಗಂಟಿ ಏನ್ ಮಾಡ್ತೈತಿ? ಇವತ್ತ ಒಂದ ದಿನ ತೀರಸಿದ್ರ ನಿಲ್ತೈತಿ ಅನ್ಕೊಂಡ್ನಿ. ಅವಾಗ ನಾ ಕೊಟ್ಟಿದ್ದಿಲ್ಲ.”

ಎಂಟು ವರ್ಷದಲ್ಲಿ ಗುಂಡವ್ವ ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಬೇರೆ ಯಾವ ದಿನ ಆಡಿದ್ದರೂ ಶಂಕ್ರೆವ್ವ ಅವಳ ಕೈ ಹಿಡಿದುಕೊಳ್ಳುತ್ತಿದ್ದಳೇನೋ. ಆ ದಿನ ಹಿಡಿಯಲೂ ಆಗಲಿಲ್ಲ, ಹೊಡೆಯಲೂ ಆಗಲಿಲ್ಲ. ಮುದುಕಿ ಕಂಬಕ್ಕೆ ಹಣೆ ಹಚ್ಚಿ ನಿಂತಳು, ಸೊಸೆ ಹೊಸ್ತಿಲ ಮೇಲೆ ಕೂತಳು. ಸುವರ್ಣಾ ಇಬ್ಬರನ್ನೂ ನೋಡಿ, ತಾನೇ ಏನೋ ತಪ್ಪು ಮಾಡಿದೆ ಎಂದು ತಿಳಿದು, ತುಟಿ ಮುಚ್ಚಿ ನುಂಗಿದಳು.

ಗುರುವಾರ ಬಂದ ಸಿದ್ದೀಕಾ ಎಲ್ಲ ಕೇಳಿದಳು. ಗುಂಡವ್ವನಿಗೂ ಅವಳು ಬಯ್ಯಲಿಲ್ಲ. “ತಪ್ಪು ನಂದ” ಅಂದಳು. “ಹುಳಿ ಬಾಯಿಗೆ ಹಾಕಬ್ಯಾಡ್ರಿ ಅಂತ ನಿನಗ ಹೇಳಿದ್ನಿ, ಆಯಿಗೆ ಹೇಳಲಿಲ್ಲ. ಆಯಿ ಒಳಗ ಏನೈತಿ ನಾ ಕೇಳಲಿಲ್ಲ.” ಶಂಕ್ರೆವ್ವ ಕೇಳಿದ್ದು ಒಂದೇ: ಆ ಸಹಿ ಮಾಡಬೇಕೋ ಬೇಡವೋ.

ಸಿದ್ದೀಕಾ ಕಣ್ಣು ತಪ್ಪಿಸಿದಳು. “ಮಾಡ್ಲಿಲ್ಲ ಅಂದ್ರ ಸಾಲಿ ಬಿಟ್ಟ ಮಗು ಅಂತ ಹೆಸರ ತಗೀತಾರ. ಹೆಸರ ಇಲ್ದಿದ್ರ ನನ್ನ ಇಲ್ಲಿಗೆ ಕಳಸೂದಿಲ್ಲ. ಮ್ಯಾಲಿನವರಿಗೆ ನಾ ಬರೀತೇನಿ ಅಕ್ಕ. ಮೂರು ಮಕ್ಕಳದು ಈಗಾಗಲೇ ಬರದೇನಿ. ಉತ್ತರ ಬಂದಿಲ್ಲ. ಏಪ್ರಿಲ್‌ಗೆ ನನ್ನ ಗುತ್ತಿಗಿನ ಮುಗೀತೈತಿ.”

“ಹಂಗಾರ ಮಾಡ್ಲಿ?”

“ನಾ ಹೆಂಗ ಮಾಡು ಅನ್ಲಿ?”

ಶುಕ್ರವಾರ ಸುವರ್ಣಾ ತಾನಾಗಿ ನೀಲಿ ಅಂಗಿ ಎಳೆದು ತಂದಳು. ತಾಯಿ ಬೇಡ ಅನ್ನದೆ ಅದನ್ನೇ ಹಾಕಿ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಹುಡುಗಿಯ ಗದ್ದ ಒಣಗಿತ್ತು. ಆಫೀಸಿನ ಮುಂದೆ ಅವಳನ್ನು ನಿಲ್ಲಿಸಿ ಶಂಕ್ರೆವ್ವ ಒಳಗೆ ಹೋದಳು.

ಸಂಜೀವಕುಮಾರ ಹಾಳೆ ಮುಂದಿಟ್ಟು ಬೆರಳಿನಿಂದ ಜಾಗ ತೋರಿಸಿದರು. ಶಂಕ್ರೆವ್ವ ಏಳನೆಯ ತನಕ ಓದಿದವಳು, ಸಾಲಿಗೆ ಸಾಲು ಓದಿದಳು. ‘ನನ್ನ ಮಗಳನ್ನು ನನ್ನ ಸ್ವಂತ ಇಚ್ಛೆಯಿಂದ ಮನೆಯಲ್ಲಿಯೇ ಓದಿಸಲು ಬಯಸುತ್ತೇನೆ.’

“ಇಲ್ಲಿ ಇಚ್ಛಾ ಅಂತ ಬರದೀರಲ್ರಿ ಸರ. ಯಾರದ್ರಿ?”

“ನಿಂದವ್ವ. ತಾಯಿ ಅಂತ ಕೆಳಗ ಐತಿ ನೋಡು.”

“ನಂದಲ್ರಿ.”

“ನನಗ ಗೊತ್ತಿಲ್ಲೇನು? ಅಚ್ಚಾಗಿ ಬಂದದ್ದು ಅದು. ತಿದ್ದಾಕ ಬರೂದಿಲ್ಲ.” ಪೆನ್ನಿನ ಮುಚ್ಚಳ ತಾವೇ ತೆಗೆದು ಕೊಟ್ಟರು. “ಇವತ್ತ ಮ್ಯಾಲಕ್ಕ ಹೋಗಬೇಕು ಹಾಳಿ.”

ಅವಳು ಬರೆದಳು. ಕೊನೆಯ ಅಕ್ಷರ ಗೆರೆ ದಾಟಿತು. ತಾರೀಖು ಹಾಕು ಅಂದರು, ಹಾಕಿದಳು.

ಹೊರಗೆ ಬಂದರೆ ಸುವರ್ಣಾ ನಿಲ್ಲಿಸಿದ ಜಾಗದಲ್ಲಿ ಇರಲಿಲ್ಲ. ಗೋಡೆ ಹಿಡಿದು ಮೂರನೆಯ ಇಯತ್ತೆಯ ಬಾಗಿಲ ತನಕ ಹೋಗಿದ್ದಳು. ಮಕ್ಕಳ ಚಪ್ಪಲಿಗಳ ಸಾಲಿನ ಕೊನೆಗೆ ತನ್ನ ಎರಡೂ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹೊಸ್ತಿಲ ಈಚೆ ನಿಂತು, ಒಳಗಿನಿಂದ ಯಾರಾದರೂ ಬಾ ಅನ್ನಲಿ ಎಂದು ಕಾಯುತ್ತಿದ್ದಳು. ಒಳಗೆ ಮಗ್ಗಿ ನಡೆದಿತ್ತು. ಟೀಚರು ಬೋರ್ಡಿನ ಕಡೆ ತಿರುಗಿಯೇ ಇದ್ದರು.

ಶಂಕ್ರೆವ್ವ ಕೆಳಗೆ ಕೂತು ಚಪ್ಪಲಿ ತೊಡಿಸತೊಡಗಿದಳು. ಹುಡುಗಿ ಬಾಯಲ್ಲಿ ಬೇಡ ಅನ್ನಲಿಲ್ಲ, ಅಳಲೂ ಇಲ್ಲ. ಎಡಗಾಲಿನ ಬೆರಳು ಮಾತ್ರ ಗಟ್ಟಿಯಾಗಿ ಮಡಚಿ ಹಿಡಿದಳು. ಬಿಡಿಸಿದಷ್ಟೂ ಮಡಚಿದಳು. ಒಳಗೆ ಏಳರ ಮಗ್ಗಿ ಮುಗಿದು ಎಂಟರದು ಶುರುವಾದರೂ ಆ ಚಪ್ಪಲಿ ಕಾಲಿಗೆ ಏರಲಿಲ್ಲ.